ಅರಿಶಿನ ಹಚ್ಚಿದರೆ ಬಿಸಿಲು ನಿಲ್ಲದು

ಅರಿಶಿನ, ಲೋಳೆಸರ, ಗ್ರೀನ್ ಟೀ ಸಾರಗಳಿದ್ದರೆ ಸಾಕು, ಬಿಸಿಲಿಗೆ ಚರ್ಮ ಸುಕ್ಕಾಗದು, ಸನ್‌ಸ್ಕ್ರೀನ್ ಬೇಕಿಲ್ಲ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಈ ಸಾರಗಳಲ್ಲಿ ಉತ್ಕರ್ಷಣ ನಿರೋಧಕಗಳಿರುವುದು ನಿಜ. ಆದರೆ ಅವುಗಳ ಮುಖ್ಯ ಕೆಲಸ ಕಿರಣ ಒಳಹೊಕ್ಕ ಮೇಲಿನ ಹಾನಿಯನ್ನು ತಗ್ಗಿಸುವುದು, ಕಿರಣವನ್ನೇ ತಡೆಯುವುದಲ್ಲ. ಕೊಲಾಜನ್ ಕೆಡಿಸುವ ಯುವಿಎ ಕಿರಣ ಕಿಟಕಿ ಗಾಜನ್ನೂ ದಾಟುತ್ತದೆ. ತೆಳು ಲೋಳೆ ಅದಕ್ಕೆ ಯಾವ ಲೆಕ್ಕ? ಅರಿಶಿನದ ಕರ್ಕ್ಯುಮಿನ್ ಬೆಳಕಿಗೆ ತಾನೇ ಕೆಡುತ್ತದೆ. ಸಸ್ಯಮೂಲವೆಂದರೆ ನಿರಪಾಯವೂ ಅಲ್ಲ: ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಗುಳ್ಳೆ ಏಳಬಹುದು.

ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಮನಬಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆಯಿತ್ತು. ಲೇಖನದಲ್ಲಿ ಇಂಥ ಒಂದು ಪುರಾವೆಯೂ ಇಲ್ಲ. ಲೋಳೆಸರ ಹಚ್ಚಿಕೊಳ್ಳಿ, ಅಡ್ಡಿಯಿಲ್ಲ. ಸನ್‌ಸ್ಕ್ರೀನ್, ಟೋಪಿ ಮಾತ್ರ ಬಿಡಬೇಡಿ.