ನಕಲು ವಿಳಾಸ

“ಹುಡುಗಿಯರ ಕೈಗೆ ಬೋರ್ಡು ಕೊಟ್ಟರೆ ಹೀಗೇ” ಎಂದರು ನನ್ನ ಸಹೋದ್ಯೋಗಿ. ನಾನು ಪಾಠ ಹೇಳುವ ಲ್ಯಾಬಿನಲ್ಲಿ ಎರಡು ಆರ್ಡುಯಿನೊ ಬೋರ್ಡುಗಳು ಒಂಟಿಯಾಗಿದ್ದರೆ ಸರಿಯಾಗಿರುತ್ತಿದ್ದವು. ಎರಡನ್ನೂ ಒಂದೇ ನೆಟ್‌ವರ್ಕಿಗೆ ಸೇರಿಸಿದರೆ ಒಂದು ಬಂದಾಗ ಇನ್ನೊಂದು ಮಾಯ. ವೈರು ಬಿಗಿ ಮಾಡಿದ್ದೇ ಮಾಡಿದ್ದು!

ತಪ್ಪು ಹುಡುಗಿಯರದಲ್ಲ, ಮಾದರಿ ಪ್ರೋಗ್ರಾಮನ್ನು ಕಣ್ಣುಮುಚ್ಚಿ ನಕಲು ಮಾಡಿಸಿದ ನಮ್ಮದು. ಈಥರ್‌ನೆಟ್ಟಿಗೆ ಆರು ಬೈಟಿನ ಮ್ಯಾಕ್ ವಿಳಾಸ ಬೇಕು. ನಮ್ಮ ಅಗ್ಗದ ಕಾರ್ಡುಗಳಲ್ಲಿ ಅದು ಇರಲಿಲ್ಲ, ನಾವೇ ಬರೆಯಬೇಕಿತ್ತು. ಮಾದರಿಯಲ್ಲಿದ್ದದ್ದು ಡಿಇ, ಎಡಿ, ಬಿಇ, ಇಎಫ್, ಎಫ್‌ಇ, ಇಡಿ. ಕೂಡಿಸಿ ಓದಿದರೆ ‘ಡೆಡ್ ಬೀಫ್ ಫೀಡ್’, ಯಾವ ಪುಣ್ಯಾತ್ಮನ ತಮಾಷೆಯೋ! ಇಬ್ಬರೂ ಅದನ್ನೇ ಬರೆದರೆ ಒಂದೇ ಡೋರ್ ನಂಬರಿನ ಎರಡು ಮನೆ, ಅಂಚೆಯವನೇನು ಮಾಡಿಯಾನು?

“ವಿಳಾಸವೆಂದರೆ ಕಂಪನಿಯವರು ಕೊಟ್ಟದ್ದೇ, ನಾವು ಇಡಬಾರದು” ಎಂಬ ವಾದವೂ ಬಂತು. ಯಾಕೆ ಬಾರದು? ಕಂಪನಿಗಳಿಗೆ ಮೊದಲ ಮೂರು ಬೈಟುಗಳನ್ನು ಹಂಚುವುದು ಐಇಇಇ, ನಿಜ. ಆದರೆ ಸ್ವಂತ ವಿಳಾಸಕ್ಕೂ ಅದೇ ನಿಯಮದಲ್ಲಿ ಜಾಗವಿದೆ. ಮೊದಲ ಬೈಟು 02 ಇರಲಿ, ಉಳಿದ ಐದು ನಮ್ಮವು. ಒಂದೇ ಜಾಲದಲ್ಲಿ ಎರಡು ಸಲ ಬಾರದಿದ್ದರಾಯಿತು.

ಈಗ ಪ್ರತಿ ಹುಡುಗಿಯೂ ತನ್ನ ರೋಲ್ ನಂಬರನ್ನು ಕೊನೆಯ ಬೈಟಾಗಿ ಬರೆದು, ಬೋರ್ಡಿನ ಬೆನ್ನಿಗೆ ಚೀಟಿ ಅಂಟಿಸುತ್ತಾಳೆ. ಸಹೋದ್ಯೋಗಿ ಮಾತ್ರ ಇನ್ನೂ ವೈರು ಎಳೆದು ನೋಡುತ್ತಾರೆ.