ಪೀಪಾಯಿಯ ಚರಿತ್ರೆ ಬಾಟಲಿಯ ಮೇಲಿರಲಿ

ಲಂಡನ್ನಿನ ಹರಾಜೊಂದರಲ್ಲಿ 2023ರ ನವೆಂಬರ್‌ನಲ್ಲಿ ‘ಮೆಕ್ಯಾಲನ್ 1926’ ಸಿಂಗಲ್ ಮಾಲ್ಟ್ ವಿಸ್ಕಿಯ ಒಂದು ಬಾಟಲಿ 21 ಲಕ್ಷ ಪೌಂಡ್‌ಗೂ ಹೆಚ್ಚಿನ ಬೆಲೆಗೆ ಬಿಕರಿಯಾಯಿತು. ಅರವತ್ತು ವರ್ಷ ಶೆರಿ ಪೀಪಾಯಿಯಲ್ಲಿ ಮಾಗಿದ ಮದ್ಯವದು. ಆ ಮೊತ್ತ ಸಂದದ್ದು ಅದರ ವಿರಳತೆಗೆ. ಆದರೆ ಇಂಥ ಹರಾಜುಗಳ ಪ್ರಭಾವಳಿ ಅಂಗಡಿಯಲ್ಲಿ ದೊರೆಯುವ ಸಾಧಾರಣ ಶೆರಿ ಮಾಲ್ಟ್‌ಗಳ ಬೆಲೆಯನ್ನೂ ಆವರಿಸುತ್ತದೆ. ಅವುಗಳ ನಿಜವಾದ ಮೌಲ್ಯವನ್ನು ಗ್ರಾಹಕ ಅಳೆಯುವುದು ಹೇಗೆ? ಇದು ಮದ್ಯಪಾನದ ಪರವಾದ ವಕಾಲತ್ತಲ್ಲ; ಅರ್ಥಶಾಸ್ತ್ರದ ಒಂದು ಹಳೆಯ ಪ್ರಶ್ನೆ.

ಶೆರಿ ಎಂಬುದು ಸ್ಪೇನಿನ ಹೆರೆಸ್ ಪ್ರದೇಶದ ದ್ರಾಕ್ಷಿ ಮದ್ಯ. ಹಿಂದೆ ಅದು ಓಕ್ ಮರದ ಪೀಪಾಯಿಗಳಲ್ಲಿ ಬ್ರಿಟನ್ನಿಗೆ ಬರುತ್ತಿತ್ತು. ಬರಿದಾದ ಪೀಪಾಯಿಗಳು ಸ್ಕಾಟ್ಲೆಂಡಿನ ವಿಸ್ಕಿ ತಯಾರಕರಿಗೆ ಅಗ್ಗವಾಗಿ ದೊರೆಯುತ್ತಿದ್ದವು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲಿಯೇ ಬಾಟಲಿಗೆ ತುಂಬಬೇಕೆಂಬ ನಿಯಮ ಬಂದು ಈ ಮೂಲ ಬತ್ತಿತು. ಈಗ ವಿಸ್ಕಿಗೆಂದೇ ಮಾಡಿಸಿದ ಪೀಪಾಯಿಗಳಲ್ಲಿ ಒಂದೆರಡು ವರ್ಷ ಶೆರಿ ತುಂಬಿಟ್ಟು, ಹದಗೊಳಿಸಿ ಸ್ಕಾಟ್ಲೆಂಡಿಗೆ ಕಳುಹಿಸುತ್ತಾರೆ. ಅಮೆರಿಕದ ಬರ್ಬನ್ ಪೀಪಾಯಿಗಿಂತ ಇದು ಹಲವು ಪಟ್ಟು ದುಬಾರಿ. ಜೊತೆಗೆ ವರ್ಷಕ್ಕೆ ಸುಮಾರು ಶೇ 2ರಷ್ಟು ಮದ್ಯ ಆವಿಯಾಗಿ ಹೋಗುತ್ತದೆ. ಬೆಲೆ ಏರಲು ಇವು ನ್ಯಾಯವಾದ ಕಾರಣಗಳೇ.

ತೊಡಕಿರುವುದು ಲೇಬಲ್ಲಿನಲ್ಲಿ. ಬ್ರಿಟನ್ನಿನ 2009ರ ಸ್ಕಾಚ್ ವಿಸ್ಕಿ ನಿಯಮಾವಳಿಯಂತೆ ಮದ್ಯ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಬೇಕು. ವಯಸ್ಸು ನಮೂದಿಸುವುದಾದರೆ ಮಿಶ್ರಣದಲ್ಲಿನ ಅತಿ ಕಿರಿಯ ಮದ್ಯದ ವಯಸ್ಸನ್ನೇ ನಮೂದಿಸಬೇಕು. ಆದರೆ ಶೆರಿ ಪೀಪಾಯಿಯನ್ನು ವಿಸ್ಕಿಗೆ ಬಳಸಿದ್ದು ಮೊದಲ ಬಾರಿಯೋ ಮೂರನೆಯ ಬಾರಿಯೋ, ವಿಸ್ಕಿ ಅದರಲ್ಲಿದ್ದುದು ಹನ್ನೆರಡು ವರ್ಷವೋ ಕೊನೆಯ ಆರು ತಿಂಗಳೋ ಎಂಬುದನ್ನು ತಿಳಿಸಬೇಕಾಗಿಲ್ಲ. ಗಾಢ ವರ್ಣವನ್ನೂ ನಂಬುವಂತಿಲ್ಲ; ಕ್ಯಾರಮೆಲ್ ಬಣ್ಣ ಬೆರೆಸಲು ಅನುಮತಿಯಿದೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಉತ್ತಮ ಸರಕಿಗೆ ತಕ್ಕ ಬೆಲೆ ಸಿಗದೆ ಕಳಪೆ ಸರಕು ಮಾರುಕಟ್ಟೆಯನ್ನು ಆಳುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು.

ಬೆಲೆಯೇ ನಾಲಗೆಯನ್ನು ವಂಚಿಸುವುದೂ ಉಂಟು. ಒಂದೇ ವೈನನ್ನು 10 ಡಾಲರಿನದೆಂದೂ 90 ಡಾಲರಿನದೆಂದೂ ಹೇಳಿ ಕುಡಿಸಿದಾಗ ಜನರು ಎರಡನೆಯದನ್ನೇ ಹೆಚ್ಚು ಮೆಚ್ಚಿದರೆಂದು ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಆದ್ದರಿಂದ ನಾನು ಸೂಚಿಸುವ ಮಾರ್ಗ ಸರಳವಾದುದು. ಲೇಬಲ್ ಮರೆಮಾಡಿ ಮೂರು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಸುರಿಯಿರಿ. ಅವುಗಳಲ್ಲೊಂದು ಬರ್ಬನ್ ಪೀಪಾಯಿಯದಾಗಿರಲಿ. ಮೊದಲು ಮೂಸಿ, ಅನಂತರ ಕೆಲವು ಹನಿ ನೀರು ಬೆರೆಸಿ ಸವಿಯಿರಿ. ಒಳ್ಳೆಯ ಶೆರಿ ಮಾಲ್ಟ್‌ನಲ್ಲಿ ಒಣದ್ರಾಕ್ಷಿ, ಅಂಜೂರ, ಕಿತ್ತಳೆ ಸಿಪ್ಪೆ, ಲವಂಗಗಳ ಛಾಯೆಯ ಜೊತೆಗೆ ಬಾರ್ಲಿಯ ಸ್ವಾದವೂ ಉಳಿದಿರುತ್ತದೆ. ಗೀರಿದ ಬೆಂಕಿಕಡ್ಡಿಯ ಗಂಧಕದ ವಾಸನೆ, ನಾಲಗೆ ಒಣಗಿಸುವ ಮರದ ಒಗರು ದೋಷದ ಲಕ್ಷಣಗಳು. ಬಳಿಕ ಪ್ರತಿಯೊಂದಕ್ಕೂ ನೀವು ಕೊಡಲೊಪ್ಪುವ ಬೆಲೆಯನ್ನು ಬರೆದಿಟ್ಟು, ಆಮೇಲೆ ಲೇಬಲ್ ನೋಡಿ. ನೀವು ಬರೆದ ಬೆಲೆಗಿಂತ ಅಂಗಡಿಯ ಬೆಲೆ ಎಷ್ಟು ಕಡಿಮೆಯೋ ಅಷ್ಟೇ ನಿಮ್ಮ ಲಾಭ.

ಭಾರತದ ಗ್ರಾಹಕರಿಗೆ ಇದು ದೂರದ ಮಾತಲ್ಲ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ಶೇ 150ರ ಸುಂಕವನ್ನು ಮೊದಲು ಶೇ 75ಕ್ಕೆ, ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಸುವ ಕರಾರಿದೆ. ಆಯ್ಕೆಗಳು ಹೆಚ್ಚಲಿವೆ, ಅವುಗಳ ಜೊತೆಗೆ ಗೊಂದಲವೂ. 2010ರಲ್ಲಿ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತಂದ ‘ಇಂಟರ್‌ಮೀಡಿಯೆಟ್ ಶೆರಿ’ ಮಾಲ್ಟ್‌ನ ಹೆಸರೇ ಶೆರಿ ಪೀಪಾಯಿ ಮಾಗುವಿಕೆಯ ನಡುವಿನ ಘಟ್ಟವೆಂದು ಸೂಚಿಸುತ್ತಿತ್ತು. ಅಂಥ ನೇರವಂತಿಕೆ ಎಲ್ಲರಿಗೂ ಕಡ್ಡಾಯವಾಗಲಿ. ಪೀಪಾಯಿಯ ಹೆಸರಿನಲ್ಲಿ ಹೆಚ್ಚಿನ ಹಣ ಕೇಳುವವರು ಅದು ಎಷ್ಟನೆಯ ಬಳಕೆಯದು, ಅದರಲ್ಲಿ ಮದ್ಯ ಎಷ್ಟು ಕಾಲವಿತ್ತು, ಬಣ್ಣ ಬೆರೆಸಿದೆಯೇ ಎಂಬ ಮೂರು ಸಂಗತಿಗಳನ್ನು ಲೇಬಲ್ ಮೇಲೆ ಮುದ್ರಿಸಲಿ. ತಯಾರಕರಿಗೆ ಇದರಿಂದ ತಗಲುವ ವೆಚ್ಚ ಎರಡು ಸಾಲು ಶಾಯಿಯದಷ್ಟೇ.