ಕಂಪನಿಯ ವಕೀಲರು ಹೇಳಿದ್ದೆಲ್ಲ ಕಾನೂನೇ? ಪಿಎಫ್, ಗ್ರಾಚ್ಯುಟಿ ಫಾರ್ವರ್ಡ್‌ಗಳ ಹಿಂದಿನ ಅಸಲಿ ವಿಷಯ

"ನಮ್ಮ ಕಂಪನಿ ಲಾಯರೇ ಹೇಳಿದ್ದಾರೆ, ನೋಟಿಸ್ ಪೀರಿಯಡ್ ಮುಗಿಸದೆ ಬಿಟ್ಟರೆ ಗ್ರಾಚ್ಯುಟಿ ಒಂದು ರೂಪಾಯಿಯೂ ಬರಲ್ಲ. ಪಿಎಫ್ ಕೂಡ ತಡೆಹಿಡಿಯಬಹುದು. ಎಲ್ಲರಿಗೂ ಶೇರ್ ಮಾಡಿ."

ಇಂಥ ಸಂದೇಶ ನಿಮ್ಮ ಆಫೀಸ್ ಗ್ರೂಪಿಗೂ ಒಂದಲ್ಲ ಒಂದು ದಿನ ಬಂದಿರುತ್ತದೆ. ವಕೀಲರ ಹೆಸರು ಬಂದ ಕೂಡಲೇ ನಾವು ಮುಂದೆ ಪ್ರಶ್ನೆ ಕೇಳುವುದಿಲ್ಲ. ಕಾನೂನು ಓದಿದವರೇ ಹೇಳಿದ ಮೇಲೆ ಇನ್ನೇನು ಎಂದು ಸುಮ್ಮನಾಗುತ್ತೇವೆ. ಎಷ್ಟೋ ಜನ ತಮಗೆ ಬರಬೇಕಾದ ಹಣವನ್ನು ಕೇಳದೆಯೇ ಬಿಟ್ಟುಬಿಡುತ್ತಾರೆ. ಹಾಗಾಗಿ ಇಲ್ಲಿ ಎರಡು ವಿಷಯ ನೋಡೋಣ. ಕಂಪನಿಯ ಒಳಗಿರುವ ವಕೀಲರು ಯಾರ ಪರ? ನೌಕರರ ಸೌಲಭ್ಯದ ಬಗ್ಗೆ ಸಲಹೆ ಕೊಡುವಾಗ ಅವರಿಗಿರುವ ಕಾನೂನಿನ ತೊಡಕುಗಳೇನು?

ಕಂಪನಿಯ ವಕೀಲರು ನಿಮ್ಮ ವಕೀಲರಲ್ಲ

ದೊಡ್ಡ ಕಂಪನಿಗಳಲ್ಲಿ ಲೀಗಲ್ ವಿಭಾಗ ಎಂದು ಇರುತ್ತದೆ. ಅಲ್ಲಿರುವವರು ಕಾನೂನು ಪದವೀಧರರು, ನಿಮ್ಮ ಹಾಗೆಯೇ ತಿಂಗಳ ಸಂಬಳಕ್ಕೆ ದುಡಿಯುವವರು. ನಿಮ್ಮ ಪಕ್ಕದಲ್ಲೇ ಊಟಕ್ಕೆ ಕೂರುವವರೂ ಇರಬಹುದು. ಆದರೆ ಅವರ ಕಕ್ಷಿದಾರ ಕಂಪನಿ ಎಂಬ ಸಂಸ್ಥೆ. ನೀವಲ್ಲ, ಹಾಗೆ ನೋಡಿದರೆ ನಿಮ್ಮ ಮ್ಯಾನೇಜರ್ ಕೂಡ ಅಲ್ಲ.

ನಮ್ಮ ದೇಶದಲ್ಲಿ ಇನ್ನೂ ಒಂದು ವಿಶೇಷವಿದೆ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದ ವಕೀಲರು ಅದನ್ನು ಪರಿಷತ್ತಿಗೆ ತಿಳಿಸಬೇಕು. ಆ ನೌಕರಿಯಲ್ಲಿ ಇರುವಷ್ಟು ಕಾಲ ವಕೀಲಿ ವೃತ್ತಿ ನಡೆಸುವಂತಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ಕಕ್ಷಿದಾರ ತನ್ನ ವಕೀಲರಿಗೆ ಹೇಳಿದ್ದು ಗುಟ್ಟಾಗಿ ಉಳಿಯಬೇಕು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಹೇಳುತ್ತದೆ. ಈ ರಕ್ಷಣೆ ಕಂಪನಿಯೊಳಗಿನ ವಕೀಲರಿಗೂ ಇದೆಯೇ? 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಅವರು ಕೋರ್ಟಿನಲ್ಲಿ ವೃತ್ತಿ ನಡೆಸುವ ವಕೀಲರಲ್ಲ, ಹಾಗಾಗಿ ಕಂಪನಿಗೂ ಅವರಿಗೂ ನಡೆದ ಮಾತುಕತೆಗೆ ಆ ರಕ್ಷಣೆ ಸಿಗುವುದಿಲ್ಲ. ಅವರು ಕಂಪನಿಯ ಪರವಾಗಿ ಹೊರಗಿನ ವಕೀಲರ ಸಲಹೆ ಕೇಳಿದಾಗ ನಡೆದ ಮಾತಿಗೆ ಮಾತ್ರ 134ನೇ ಕಲಮಿನಡಿ ಸೀಮಿತ ರಕ್ಷಣೆ ಇದೆ.

ಅಂದರೆ, "ಗುತ್ತಿಗೆ ನೌಕರರ ಪಿಎಫ್ ಎರಡು ವರ್ಷದಿಂದ ಕಟ್ಟಿಲ್ಲ, ಏನು ಮಾಡೋಣ?" ಎಂದು ಎಚ್‌ಆರ್ ಮುಖ್ಯಸ್ಥರು ಲೀಗಲ್ ವಿಭಾಗಕ್ಕೆ ಇಮೇಲ್ ಕಳಿಸಿದರೆ, ಆ ಇಮೇಲ್ ನಾಳೆ ತನಿಖಾಧಿಕಾರಿಯ ಮೇಜಿನ ಮೇಲೆ ಬರಬಹುದು. ಈ ಹುದ್ದೆಯಲ್ಲಿರುವವರಿಗೆ ಇದು ದಿನನಿತ್ಯದ ತಲೆನೋವು. ಬರೆದು ಸಲಹೆ ಕೊಟ್ಟರೆ ಅದೇ ದಾಖಲೆಯಾಗುತ್ತದೆ, ಬರೆಯದಿದ್ದರೆ ಎಚ್ಚರಿಸಿದ್ದಕ್ಕೆ ಪುರಾವೆಯೇ ಇರುವುದಿಲ್ಲ.

ನೌಕರರಿಗೂ ಇಲ್ಲಿ ಪಾಠವಿದೆ. ಲೀಗಲ್ ವಿಭಾಗದವರ ಬಳಿ ಹೋಗಿ ಮನಸ್ಸು ಬಿಚ್ಚಿ ಹೇಳಿಕೊಂಡರೆ, ಅದನ್ನು ಕಂಪನಿಗೆ ತಿಳಿಸದೆ ಇರಬೇಕಾದ ಕರ್ತವ್ಯ ಅವರಿಗಿಲ್ಲ. ಅಮೆರಿಕದಲ್ಲಿ 1981ರ ಅಪ್‌ಜಾನ್ ತೀರ್ಪಿನ ನಂತರ ಒಂದು ರೂಢಿಯೇ ಬಂದಿದೆ. ಆಂತರಿಕ ತನಿಖೆಯಲ್ಲಿ ನೌಕರರನ್ನು ವಿಚಾರಿಸುವ ಮುನ್ನ "ನಾನು ಕಂಪನಿಯ ವಕೀಲ, ನಿಮ್ಮ ವಕೀಲನಲ್ಲ" ಎಂದು ಹೇಳಿಬಿಡುತ್ತಾರೆ. ನಮ್ಮಲ್ಲಿ ಹೀಗೆ ಹೇಳುವುದನ್ನು ಯಾರೂ ಕಾಯಬೇಕಿಲ್ಲ, ನಾವೇ ನೆನಪಿಟ್ಟುಕೊಂಡರೆ ಸಾಕು.

ಒಬ್ಬರೇ ವಕೀಲರು, ಎರಡು ಟೋಪಿ

ಕೆಲವು ದೊಡ್ಡ ಕಂಪನಿಗಳು ಪಿಎಫ್ ಹಣವನ್ನು ಇಪಿಎಫ್‌ಒಗೆ ಕಟ್ಟದೆ, ಅನುಮತಿ ಪಡೆದು ತಮ್ಮದೇ ಟ್ರಸ್ಟ್ ನಡೆಸುತ್ತವೆ. ಅದರ ಮಂಡಳಿಯಲ್ಲಿ ಆಡಳಿತದ ಕಡೆಯವರು ಎಷ್ಟೋ, ನೌಕರರ ಕಡೆಯವರೂ ಅಷ್ಟೇ ಇರಬೇಕು. ಇಪಿಎಫ್‌ಒ ಘೋಷಿಸಿದ ಬಡ್ಡಿಗಿಂತ ಕಡಿಮೆ ಕೊಡುವಂತಿಲ್ಲ. ಕೊರತೆ ಬಿದ್ದರೆ ಕಂಪನಿಯೇ ತುಂಬಿಕೊಡಬೇಕು.

ಸಮಸ್ಯೆ ಇರುವುದು ಇಲ್ಲೇ. ಟ್ರಸ್ಟ್ ನೌಕರರ ಹಿತ ಕಾಯಬೇಕು, ಕಂಪನಿಗೆ ತನ್ನ ಖರ್ಚಿನ ಚಿಂತೆ. ಟ್ರಸ್ಟ್ ಹಾಕಿದ ಹೂಡಿಕೆಯಲ್ಲಿ ನಷ್ಟವಾಯಿತು ಎನ್ನಿ. "ಕಂಪನಿ ತುಂಬಿಕೊಡಲಿ" ಎಂದು ಟ್ರಸ್ಟಿಗೆ ಸಲಹೆ ಕೊಡಬೇಕಾದವರೂ "ಎಷ್ಟು ಹೊರೆ ಬೀಳುತ್ತದೆ" ಎಂದು ಕಂಪನಿಗೆ ಹೇಳಬೇಕಾದವರೂ ಒಬ್ಬರೇ ವಕೀಲರಾದರೆ? ಎರಡು ಕಡೆಗೂ ನ್ಯಾಯ ಒದಗಿಸುವುದು ಕಷ್ಟ. ಇಂಥ ಹೊತ್ತಿನಲ್ಲಿ ಟ್ರಸ್ಟಿಗೆ ಹೊರಗಿನ ವಕೀಲರನ್ನು ನೇಮಿಸಿಕೊಳ್ಳುವುದೇ ಸರಿಯಾದ ದಾರಿ.

ಅತಿ ದೊಡ್ಡ ಪ್ರಶ್ನೆ: 'ವೇತನ' ಎಂದರೆ ಯಾವುದು?

ಪಿಎಫ್, ಗ್ರಾಚ್ಯುಟಿ ಎರಡನ್ನೂ ಲೆಕ್ಕ ಹಾಕುವುದು 'ವೇತನ'ದ ಮೇಲೆ. ಅದಕ್ಕೇ ಅನೇಕ ಕಂಪನಿಗಳು ಮೂಲ ವೇತನವನ್ನು ಚಿಕ್ಕದಾಗಿಟ್ಟು, ಉಳಿದದ್ದನ್ನು ಬಗೆಬಗೆಯ ಭತ್ಯೆಗಳ ಹೆಸರಲ್ಲಿ ಕೊಡುತ್ತಿದ್ದವು. 2019ರ ಫೆಬ್ರವರಿ 28ರಂದು ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಎಲ್ಲ ನೌಕರರಿಗೂ ಒಂದೇ ಸಮನೆ ಕೊಡುವ ಭತ್ಯೆಯನ್ನು ಪಿಎಫ್ ಲೆಕ್ಕದಿಂದ ಹೊರಗಿಡುವಂತಿಲ್ಲ ಎಂದಿತು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ವೇತನದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದ ಭಾಗವನ್ನು ವೇತನಕ್ಕೇ ಸೇರಿಸಬೇಕು.

ಲೆಕ್ಕ ನೋಡಿ. ತಿಂಗಳಿಗೆ ಒಟ್ಟು 40,000 ರೂಪಾಯಿ. ಅದರಲ್ಲಿ ಮೂಲ ವೇತನ 12,000, ಮನೆ ಬಾಡಿಗೆ, ಪ್ರಯಾಣ ಇತ್ಯಾದಿ ಭತ್ಯೆ 28,000. ಅರ್ಧ ಎಂದರೆ 20,000. ಭತ್ಯೆ ಅದಕ್ಕಿಂತ 8,000 ಹೆಚ್ಚು. ಆ 8,000 ವೇತನಕ್ಕೆ ಸೇರಿ ವೇತನ 20,000 ಆಗುತ್ತದೆ. ಗ್ರಾಚ್ಯುಟಿ ಎಂದರೆ ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಮತ್ತು ಸೇವೆಯ ವರ್ಷಗಳಿಂದ ಗುಣಿಸಿದ ಮೊತ್ತ. 10 ವರ್ಷದ ಸೇವೆಗೆ 12,000ದ ಮೇಲೆ ಸುಮಾರು 69,230 ರೂಪಾಯಿ ಬರುತ್ತದೆ. 20,000ದ ಮೇಲೆ ಸುಮಾರು 1,15,384 ರೂಪಾಯಿ. ಒಂದು ವ್ಯಾಖ್ಯಾನ ಬದಲಾದದ್ದಕ್ಕೆ ಒಬ್ಬ ನೌಕರರ ಲೆಕ್ಕದಲ್ಲೇ 46,000 ರೂಪಾಯಿ ವ್ಯತ್ಯಾಸ. ಸಾವಿರಾರು ನೌಕರರಿರುವ ಕಡೆ ಕಂಪನಿಯ ವಕೀಲರಿಗೆ ನಿದ್ದೆ ಯಾಕೆ ಬರುವುದಿಲ್ಲ ಎಂದು ಈಗ ಅರ್ಥವಾಗಿರಬೇಕು.

"ಹೊಸ ಕಾನೂನಿನಿಂದ ಎಲ್ಲರ ಕೈಗೆ ಬರುವ ಸಂಬಳ ಕಡಿಮೆ" ಎಂಬ ಫಾರ್ವರ್ಡ್ ಕೂಡ ಇಲ್ಲಿಂದಲೇ ಹುಟ್ಟಿದ್ದು. ಅದು ಪೂರ್ತಿ ನಿಜವಲ್ಲ. ಪಿಎಫ್‌ಗೆ 15,000 ರೂಪಾಯಿಯ ವೇತನ ಮಿತಿ ಇದೆ. ನಿಮ್ಮ ಕಂಪನಿ ಆ ಮಿತಿಯ ಮೇಲೆಯೇ ಶೇ 12ರಂತೆ 1,800 ರೂಪಾಯಿ ಕಡಿತ ಮಾಡುತ್ತಿದ್ದರೆ, ವೇತನ ಹೆಚ್ಚಿದರೂ ಕಡಿತ ಅಷ್ಟೇ ಇರಬಹುದು. ಮೇಲಿನ ಉದಾಹರಣೆಯಂತೆ 12,000ದ ಮೇಲೆ 1,440 ಕಟ್ಟುತ್ತಿದ್ದವರಿಗೆ ಕಡಿತ ಹೆಚ್ಚುತ್ತದೆ. ಹೆಚ್ಚಿದ ಹಣವೂ ನಿಮ್ಮ ಖಾತೆಗೇ ಹೋಗುತ್ತದೆ.

ಹಾಗಾದರೆ ಆ ಮೊದಲ ಫಾರ್ವರ್ಡ್?

*ನೋಟಿಸ್ ಮುಗಿಸದಿದ್ದರೆ ಗ್ರಾಚ್ಯುಟಿ ಇಲ್ಲ:* ತಪ್ಪು. ನೋಟಿಸ್ ಅವಧಿಯ ಸಂಬಳವನ್ನು ಒಪ್ಪಂದದ ಪ್ರಕಾರ ಕಂಪನಿ ಕೇಳಬಹುದು. ಅದು ಬೇರೆ ಲೆಕ್ಕ. ಗ್ರಾಚ್ಯುಟಿ ಮುಟ್ಟುಗೋಲು ಹಾಕಲು ನೌಕರರನ್ನು ಕೆಲಸದಿಂದ ವಜಾ ಮಾಡಿರಬೇಕು. ಅದೂ ಕಂಪನಿಯ ಆಸ್ತಿಗೆ ನಷ್ಟ, ಹಿಂಸಾತ್ಮಕ ವರ್ತನೆ, ಕೆಲಸದ ವೇಳೆ ನೈತಿಕ ಅಧಃಪತನದ ಅಪರಾಧ ಇಂಥ ಕಾರಣಕ್ಕೆ ಮಾತ್ರ. ಆಸ್ತಿ ನಷ್ಟವಾದರೂ ನಷ್ಟ ಎಷ್ಟೋ ಅಷ್ಟನ್ನೇ ಹಿಡಿಯಬಹುದು.

*ಐದು ವರ್ಷ ಆಗದಿದ್ದರೆ ಯಾರಿಗೂ ಇಲ್ಲ:* ಅರ್ಧ ಸತ್ಯ. ಕಾಯಂ ನೌಕರರಿಗೆ ಐದು ವರ್ಷದ ಷರತ್ತಿದೆ. ಆದರೆ ನೌಕರರು ತೀರಿಕೊಂಡರೆ ಅಥವಾ ಕೆಲಸ ಮಾಡಲಾಗದಷ್ಟು ಅಂಗವೈಕಲ್ಯವಾದರೆ ಆ ಷರತ್ತಿಲ್ಲ. ಹೊಸ ಸಂಹಿತೆಯಡಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಸಾಕು.

*ಪಿಎಫ್ ತಡೆಹಿಡಿಯಬಹುದು:* ತಪ್ಪು. ಅದು ನಿಮ್ಮ ಖಾತೆಯ ಹಣ. ಸಂಬಳದಿಂದ ಕಡಿತ ಮಾಡಿ ಖಾತೆಗೆ ಕಟ್ಟದೆ ಉಳಿಸಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ನಂಬಿಕೆ ದ್ರೋಹದ ಅಪರಾಧ.

*ಬಿಟ್ಟುಕೊಟ್ಟಿದ್ದೇನೆ ಎಂದು ಸಹಿ ಹಾಕಿದರೆ ಮುಗಿಯಿತು:* ತಪ್ಪು. ಕಾನೂನು ಕೊಟ್ಟ ಗ್ರಾಚ್ಯುಟಿಯನ್ನು ಒಪ್ಪಂದದಿಂದ ಕಿತ್ತುಕೊಳ್ಳಲಾಗದು. ಕಾನೂನಿಗಿಂತ ಹೆಚ್ಚು ಕೊಡುವ ಒಪ್ಪಂದ ಮಾತ್ರ ನಿಲ್ಲುತ್ತದೆ.

ನಿಜವಾದ ಕಂಪನಿ ವಕೀಲರು ಇಂಥ ಮಾತು ಹೇಳಿರುವ ಸಾಧ್ಯತೆಯೂ ಕಡಿಮೆ. "ಒಪ್ಪಂದದ ಪ್ರಕಾರ ನೋಟಿಸ್ ಹಣ ಕೇಳಬಹುದು" ಎಂದು ಅವರು ಹೇಳಿದ್ದು ಎಚ್‌ಆರ್ ಬಾಯಿಗೆ, ಅಲ್ಲಿಂದ ಸೂಪರ್‌ವೈಸರ್ ಬಾಯಿಗೆ ಬರುವಷ್ಟರಲ್ಲಿ "ಏನೂ ಬರಲ್ಲ" ಎಂದಾಗುವುದು ಕಷ್ಟವಲ್ಲ.

ಇದು ಬರೀ ಕಾಗದದ ವಿಷಯವಲ್ಲ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಮಹಿಳೆಯರು, ರಸ್ತೆಗಿಳಿದದ್ದು ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಮಗಳ ಮದುವೆಗೋ ಮನೆ ರಿಪೇರಿಗೋ ಅವರ ಬಳಿ ಇದ್ದ ಉಳಿತಾಯ ಅದೊಂದೇ. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಆ ನಿಯಮ ಹಿಂಪಡೆಯಿತು. ದುಡಿಯುವವರಿಗೆ ಪಿಎಫ್ ಎಷ್ಟು ದೊಡ್ಡ ವಿಷಯ ಎಂದು ಅಂದು ಎಲ್ಲರಿಗೂ ತಿಳಿಯಿತು.

ನೀವೇನು ಮಾಡಬಹುದು?

- ನಿಮ್ಮ ಯುಎಎನ್ ಬಳಸಿ ಪಿಎಫ್ ಪಾಸ್‌ಬುಕ್ ನೋಡಿ. ಪೇಸ್ಲಿಪ್‌ನ ಕಡಿತಕ್ಕೂ ಪಾಸ್‌ಬುಕ್‌ನ ಜಮೆಗೂ ತಾಳೆ ಇದೆಯೇ ಪರೀಕ್ಷಿಸಿ.
- "ಬರಲ್ಲ" ಎಂದು ಯಾರಾದರೂ ಹೇಳಿದರೆ, ಯಾವ ಕಲಂ ಪ್ರಕಾರ ಎಂದು ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿಗೆ ಬೆಲೆ ಕೊಡಬೇಡಿ.
- ಗ್ರಾಚ್ಯುಟಿ 30 ದಿನದೊಳಗೆ ಬರಬೇಕು. ಬಾರದಿದ್ದರೆ ಕಾರ್ಮಿಕ ಇಲಾಖೆಗೆ, ಪಿಎಫ್ ದೂರಾದರೆ ಇಪಿಎಫ್‌ಒಗೆ ಅರ್ಜಿ ಹಾಕಿ.
- ವಕೀಲರ ಸಲಹೆ ಬೇಕಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರು, ಕೈಗಾರಿಕಾ ಕಾರ್ಮಿಕರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಈ ನೆರವು ಪಡೆಯುವ ಹಕ್ಕಿದೆ.

"ಲಾಯರೇ ಹೇಳಿದ್ದಾರೆ" ಎಂಬ ಸಂದೇಶ ಮುಂದಿನ ಸಲ ಬಂದಾಗ ಫಾರ್ವರ್ಡ್ ಒತ್ತುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಯಾರ ಲಾಯರು? ಇಷ್ಟು ಕೇಳಿದರೆ ಗ್ರೂಪಿನಲ್ಲಿರುವ ಒಬ್ಬರಾದರೂ ತಮ್ಮ ಹತ್ತು ವರ್ಷದ ದುಡಿಮೆಯ ಹಣವನ್ನು ಸುಮ್ಮನೆ ಬಿಟ್ಟುಬಿಡುವುದು ತಪ್ಪುತ್ತದೆ.